ಫಕ್ಕೀರಪ್ಪಣ್ಣನ ಹೆಬ್ಬೆರಳು

ಫಕ್ಕೀರಪ್ಪಣ್ಣ ತನ್ನ ಸೈಕಲ್ಲನ್ನು ಮಂಚದ ಕಾಲಿಗೆ ಸರಪಳಿಯಿಂದ ಬಿಗಿದು ಮಲಗುತ್ತಿದ್ದ. ಬೀಗದ ಕೈ ಉಡದಾರದಲ್ಲಿರುತ್ತಿತ್ತು. ಬೆಳಿಗ್ಗೆ ಎದ್ದವನೇ ಮುಖ ತೊಳೆಯುವ ಮೊದಲು ಮಂಡಿಯೂರಿ ಕೂತು, ಬಲಗೈ ಹೆಬ್ಬೆರಳನ್ನು ಬ್ರೇಕಿನ ರಬ್ಬರು ಕಚ್ಚುವ ರಿಮ್ಮಿಗೆ ಒತ್ತಿ, ಎಡಗೈಯಿಂದ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಿದ್ದ. ಯಾರಾದರೂ ಗ್ರೀಸು ಬಳಿದಿದ್ದಾರೆಯೇ, ಮರಳು ಮೆತ್ತಿದ್ದಾರೆಯೇ ಎಂಬ ತಪಾಸಣೆ ಅದು.

"ಬಾಗಲಾ ಒಳಗಿಂದ ಹಾಕಿತ್ತಲ್ಲಣ್ಣ" ಎಂದು ನಾನು ಅಂದರೆ, "ಹಾಕಿದಾವ ನಾನ ಅಲ್ಲೇನು ತಂಗಿ? ನಿದ್ದಿಗಣ್ಣಾಗ ಹೆಂಗ ಹಾಕೀನೋ ಯಾರು ಕಂಡಾರ!" ಎನ್ನುತ್ತಿದ್ದ. ತನ್ನ ಮೇಲೂ ಅವನಿಗೆ ನಂಬಿಕೆ ಇರಲಿಲ್ಲ.

ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯವನು. ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆ ಬಂದವನು, ಒಂಟಿ ಜೀವ. ಪಾಳಿ ಮುಗಿಸಿ ಬಂದರೆ ಸೈಕಲ್ಲೇ ಸಂಸಾರ. ಹಿಂದೊಮ್ಮೆ ರೇಸಿನ ನಡುವೆ ಅವನ ಟ್ಯೂಬಿನಲ್ಲಿ ಗುಂಡುಪಿನ್ನು ಸಿಕ್ಕಿತ್ತಂತೆ. ರಸ್ತೆಯಲ್ಲಿ ಬಿದ್ದದ್ದಿರಬಹುದು ಎಂದು ನಾನು ಹೇಳಿದ್ದಕ್ಕೆ, "ಅಷ್ಟ ಮಂದಿ ಗಾಲಿ ಬಿಟ್ಟು ನನ್ನ ಗಾಲೀನ ಬೇಕಾಗಿತ್ತೇನು ಅದಕ್ಕ?" ಎಂದು ಗದರಿಸಿದ್ದ.

ಆ ಚಳಿಗಾಲದ ರೇಸು ದೊಡ್ಡದು. ಮುಂಡಗೋಡದಲ್ಲಿ ಶುರುವಾಗಿ ಹಳಿಯಾಳ, ದಾಂಡೇಲಿ ದಾಟಿ, ಜೋಯಿಡಾ ಮುಟ್ಟಿ ಮತ್ತೆ ದಾಂಡೇಲಿಗೆ ಬಂದು ನಿಲ್ಲುವಂಥದ್ದು. "ಇದೊಂದ ನಂಗ ಉಳದದ್ದು. ಮುಂದಿನ ವರ್ಷ ಮೊಣಕಾಲು ಒಪ್ಪೂದಿಲ್ಲ" ಎನ್ನುತ್ತಿದ್ದ. ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದ ನನ್ನನ್ನು ನೀರು ಹೊರಲು ನೇಮಿಸಿಕೊಂಡ. ಅವನ ಹಿಂದೆ ಸ್ಕೂಟಿಯಲ್ಲಿ ನಾನು. ಬಾಟಲಿ ಕೊಟ್ಟಾಗ ಮೊದಲ ಗುಟುಕು ನಾನೇ ಕುಡಿಯಬೇಕು. ಅದು ನನ್ನ ಗಂಟಲಲ್ಲಿ ಇಳಿದದ್ದನ್ನು ನೋಡಿ ಆಮೇಲೆ ಅವನು.

ತಾಲೀಮಿಗೆ ಜೊತೆಯಾಗುತ್ತಿದ್ದವನು ಸಾಂಬ್ರಾಣಿಯ ಪರಶುರಾಮ. ಕಬ್ಬಿನ ಗದ್ದೆಯಲ್ಲಿ ದುಡಿಯುತ್ತಲೇ ರೇಸಿಗೆ ಹೆಸರು ಕೊಟ್ಟವನು, ಏರಿನಲ್ಲಿ ಎಲ್ಲರಿಗಿಂತ ಚುರುಕು. ಫಕ್ಕೀರಪ್ಪಣ್ಣನಿಗೆ ಗೆಲ್ಲಲು ಅಡ್ಡವಿದ್ದವನು ಅವನೊಬ್ಬನೇ. ಪರಶುರಾಮನ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಕಾಕಾ, ಸೈಕಲ್ಲಿಗೊಂದು ತಾಳಿ ಕಟ್ಟಿಬಿಡ್ರಿ, ಯಾರೂ ಕಣ್ಣ ಹಾಕೂದಿಲ್ಲ" ಎಂದು ಕೆಣಕುತ್ತಿದ್ದ. "ಹಲ್ಲ ಕಿಸಿಯಾವನ ಮ್ಯಾಲೆ ಮೊದಲ ಕಣ್ಣ ಇಡಬೇಕು" ಎಂದು ಅಣ್ಣ ನನ್ನ ಕಿವಿಯಲ್ಲಿ ಉಸುರುತ್ತಿದ್ದ.

ರೇಸಿಗೆ ಮುಂಚಿನ ಒಂದು ತಾಲೀಮಿನ ದಿನ ಜೋಯಿಡಾ ಮುಟ್ಟಿ ತಿರುಗಿದೆವು. ಸೂಪಾ ಕಡೆಗೆ ಇಳಿಜಾರು ಶುರುವಾಗುವ ಮುನ್ನ ಬಿದಿರಿನ ತಟ್ಟಿ ಕಟ್ಟಿದ ಒಂದು ಚಹಾದಂಗಡಿ. ಮಂಜು ಇನ್ನೂ ಮರಗಳಿಂದ ಬಿಟ್ಟಿರಲಿಲ್ಲ. ಫಕ್ಕೀರಪ್ಪಣ್ಣ ಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದ. ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಒಲೆಯ ಪಕ್ಕದಲ್ಲಿಟ್ಟು ಕರಗಿಸಿ, ಸೆಟೆದ ಮೀನಖಂಡಗಳಿಗೆ ತಿಕ್ಕಿಕೊಳ್ಳುತ್ತ ಕೂತ. ಅಷ್ಟರಲ್ಲಿ ಹಿಂದಿನಿಂದ ಬಂದ ಪರಶುರಾಮ ತನ್ನ ಸೈಕಲ್ಲನ್ನು ಅಣ್ಣನ ಸೈಕಲ್ಲಿಗೇ ಒರಗಿಸಿ ನಿಲ್ಲಿಸಿದ.

"ಏ ಏ ಏ! ಯಾಕ ಮುಟ್ಟಿಸಿದಿ?"

"ಇಲ್ಲಿ ಗ್ವಾಡಿ ಇಲ್ಲಲ್ರೀ ಕಾಕಾ. ನಿಮ್ಮ ಸೈಕಲ್ಲ ಗ್ವಾಡಿಗಿಂತ ಗಟ್ಟಿ ಐತಿ."

ಅಣ್ಣ ಓಡಿಬಂದು ಅವನ ಸೈಕಲ್ಲನ್ನು ಎಳೆದು ಆಚೆಗಿಟ್ಟ. ಮಂಡಿಯೂರಿದ. ಎಣ್ಣೆಗೈ ಒರೆಸಿಕೊಳ್ಳಲೇ ಇಲ್ಲ. ಹೆಬ್ಬೆರಳು ಮುಂದಿನ ರಿಮ್ಮಿನ ಒಂದು ಬದಿ, ಇನ್ನೊಂದು ಬದಿ, ಆಮೇಲೆ ಹಿಂದಿನದು, ಹೀಗೆ ಪೂರ್ತಿ ಸುತ್ತು ಬಂತು. ನಾನು ನೋಡುತ್ತಿದ್ದೆ. ನೋಡಿದ್ದರ ಅರ್ಥ ಆಗ ಹೊಳೆಯಲಿಲ್ಲ. ನಾನು ಚಹಾದ ಗ್ಲಾಸುಗಳನ್ನು ಒಳಗೆ ಕೊಟ್ಟು ಬರುವಷ್ಟರಲ್ಲಿ ಇಬ್ಬರೂ ಹೊರಟುಬಿಟ್ಟಿದ್ದರು.

ನಾನು ಸ್ಕೂಟಿಯಲ್ಲಿ ಬೆನ್ನಟ್ಟಿ ಇಳಿಜಾರಿನ ಮೊದಲ ತಿರುವು ಮುಟ್ಟುವಾಗಲೇ ಅಣ್ಣನ ಕೂಗು ಕೇಳಿಸಿತು. "ಬ್ರೇಕ್ ಹತ್ತವಲ್ದು! ತಂಗಿ, ಬ್ರೇಕ್ ಹತ್ತವಲ್ದು!" ಎರಡೂ ಕೈಯಲ್ಲಿ ಹಿಡಿಕೆ ಹಿಂಡುತ್ತಿದ್ದ; ಚಕ್ರ ಕೇಳಿಸಿಕೊಳ್ಳಲಿಲ್ಲ. ಕಾಲುಗಳನ್ನು ರಸ್ತೆಗೆ ಒತ್ತಿದ, ಒಂದು ಚಪ್ಪಲಿ ಹಾರಿತು. ಎದುರಿಗೆ ಬಿದಿರು ಹೇರಿದ ಲಾರಿ ಏರಿ ಬರುತ್ತಿತ್ತು. ಹೊರಚಾಚಿದ ಬಿದಿರಿನ ತುದಿಗಳು ಅವನ ತಲೆಯ ಎತ್ತರಕ್ಕೇ ಇದ್ದವು. ಅವನು ತಲೆ ಬಗ್ಗಿಸಿದನೋ, ಬಿದ್ದನೋ, ಈಗಲೂ ಹೇಳಲಾರೆ. ಕಣ್ಣು ಮುಚ್ಚಿದಾಗಲೆಲ್ಲ ಆ ಬಿದಿರು ಬರುತ್ತದೆ, ಅವನ ತಲೆ ಬರುತ್ತದೆ, ಅಲ್ಲಿಗೆ ನಿಲ್ಲುತ್ತದೆ.

ಪರಶುರಾಮ ಸೈಕಲ್ ಬಿಸಾಡಿ, ರಸ್ತೆಯ ನಡುವೆ ಬಿದ್ದಿದ್ದವನನ್ನು ಕಂಕುಳಿಗೆ ಕೈಹಾಕಿ ಎಳೆದು ಮೋರಿಯ ಪಕ್ಕಕ್ಕೆ ತಂದ. ಲಾರಿಯ ಹಿಂದೆಯೇ ಒಂದು ಜೀಪು ಬಂದು ಆ ಜಾಗದ ಮೇಲೆ ಹಾದುಹೋಯಿತು. ನಾನು ಸೈಕಲ್ಲನ್ನು ಎತ್ತಿದೆ. ರಿಮ್ಮು ಮುಟ್ಟಿದ ಬೆರಳು ಜಾರಿತು. ಮೂಸಿದೆ: ಕೊಬ್ಬರಿ ಎಣ್ಣೆ.

ಆಸ್ಪತ್ರೆಯಲ್ಲಿ, ಭುಜದ ಮೂಳೆ ಮುರಿದು ಮಲಗಿದ್ದವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಣ್ಣು ಮಿಟುಕಿಸದೆ ಕೇಳಿದ.

"ಎಣ್ಣಿ ನಂದ. ಹಚ್ಚಿದಾವ ಯಾರು?"

"ನೀನ ಅಣ್ಣ. ನಿನ್ನ ಹೆಬ್ಬೆರಳು. ನಾನ ನೋಡೇನಿ."

"ಗ್ಲಾಸ್ ಕೊಡಾಕ ಒಳಗ ಹೋದಿ. ಆವಾಗ ಪರಶ್ಯಾ ಎಲ್ಲಿದ್ದ?"

ಎಲ್ಲಿದ್ದ ಎಂದು ನಾನು ನೋಡಿರಲಿಲ್ಲ.

"ಹಾಂ" ಎಂದು ಗೋಡೆಯ ಕಡೆ ಹೊರಳಿದ.

ರೇಸು ನಡೆಸುವವರ ಮುಂದೆ ಫಕ್ಕೀರಪ್ಪಣ್ಣ ಪರಶುರಾಮನ ಹೆಸರು ಹೇಳಿದ. ನಾನೂ ಹೋಗಿ ಹೆಬ್ಬೆರಳಿನ ಕಥೆ ಹೇಳಿದೆ. ಅವರು ಅದೇ ಪ್ರಶ್ನೆ ಕೇಳಿದರು, ನಾನು ನೋಡಿಲ್ಲ ಎಂದೆ. ತಂಟೆ ಯಾಕೆಂದು ಪರಶುರಾಮನ ಹೆಸರನ್ನು ಪಟ್ಟಿಯಿಂದ ಕೈಬಿಟ್ಟರು. ರೇಸಿನ ದಿನ ಪರಶುರಾಮ ಹಳಿಯಾಳದ ನಾಕಾದಲ್ಲಿ ಸವಾರರಿಗೆ ನೀರು ಕೊಡುತ್ತ ನಿಂತಿದ್ದ. ನನ್ನನ್ನು ಕಂಡು, "ಅಕ್ಕಾ, ನೀವರೆ ನಂಬೀರಿಲ್ಲೋ?" ಎಂದ. "ನಂಬೇನಪಾ" ಎಂದೆ. ಆದರೆ ಅವನ ಕೈಯ ನೀರು ಕುಡಿಯುವ ಮೊದಲು ಒಂದು ಕ್ಷಣ ತಡೆದೆ. ಅವನು ಅದನ್ನು ನೋಡಿದ.

ಆಮೇಲೆ ಫಕ್ಕೀರಪ್ಪಣ್ಣ ಕೆಲಸ ಬಿಟ್ಟು ಮುಂಡಗೋಡದ ಅಕ್ಕನ ಮನೆ ಸೇರಿದ. ಮೊನ್ನೆ ಹೋಗಿ ನೋಡಿ ಬಂದೆ. ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಸೈಕಲ್ಲು ಒಳಕೋಣೆಯಲ್ಲಿ, ಅದೇ ಸರಪಳಿಯಲ್ಲಿ. ಚಹಾ ಬಂತು, ಮೊದಲ ಗುಟುಕು ನನ್ನ ಗಂಟಲಲ್ಲಿ ಇಳಿಯುವ ತನಕ ಅವನು ಕಪ್ಪು ಮುಟ್ಟಲಿಲ್ಲ. ಹೊರಡುವಾಗ ನನ್ನ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡ. ಬೀಳ್ಕೊಡುತ್ತಿದ್ದಾನೆ ಎಂದುಕೊಂಡೆ. ನಿಧಾನವಾಗಿ ಮೂಗಿನ ಹತ್ತಿರ ಒಯ್ದು ಬೆರಳುಗಳನ್ನು ಮೂಸಿದ.

"ಹುಷಾರಿಂದ ಹೋಗು ತಂಗಿ. ಇಳುಕಲ ಐತಿ."

ಊರಾಚೆ ಇಳುಕಲು ಬರುವ ಮುನ್ನ ಸ್ಕೂಟಿ ನಿಲ್ಲಿಸಿದೆ. ಕೆಳಗೆ ಕೂತು ಚಕ್ರ ಮುಟ್ಟಿ ನೋಡಲು ಕೈ ಚಾಚಿದೆ. ಚಾಚಿದ ಕೈಯನ್ನು ಹಿಂದಕ್ಕೆಳೆದು, ಮೊದಲು ಮೂಸಿ ನೋಡಿದೆ.