ಚೀಲದ ತಾಯಿ, ಹಾರಿಹೋದ ಹಕ್ಕಿ

ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆ ಒರೆಸಿ, ಬಂದವರಿಗೆ ವಿವರಣೆ ಹೇಳುವ ಅವನನ್ನು ಎಲ್ಲರೂ ಗಾಜಣ್ಣ ಅಂತಲೇ ಕರೆಯುತ್ತಿದ್ದರು. ಮಾತಿನಲ್ಲಿ ಎತ್ತಿದ ಕೈ. ಮೂರನೇ ಕೋಣೆಯಲ್ಲಿ ಅಕ್ಕಪಕ್ಕ ಎರಡು ಪೆಟ್ಟಿಗೆಗಳು. ಒಂದರಲ್ಲಿ ಹೊಟ್ಟೆಯಲ್ಲಿ ಚೀಲವಿರುವ, ಮಾಂಸ ತಿನ್ನುವ ಚುಕ್ಕೆ ಮೈಯ, ಬೆಕ್ಕಿನಷ್ಟು ದೊಡ್ಡ ಪರದೇಶದ ಪ್ರಾಣಿ. ಇನ್ನೊಂದರಲ್ಲಿ ನೀರಿನಂಚಿನ ಉಲ್ಲಂಕಿ ಹಕ್ಕಿ, ನಾಲ್ಕು ಮೊಟ್ಟೆಗಳ ಮೇಲೆ ಕೂತದ್ದು. ಸತ್ತು ಹೊಟ್ಟು ತುಂಬಿಸಿಕೊಂಡ ಈ ಬಡಪಾಯಿಗಳನ್ನು ಅವನು ಹದಿನೆಂಟು ವರ್ಷದಿಂದ ಜಗಳಕ್ಕೆ ಬಿಟ್ಟಿದ್ದ.

ಬೆತ್ತದಿಂದ ಮೊದಲ ಗಾಜು ತಟ್ಟಿ, ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಇವಳನ್ನು ನೋಡಿಯೇ ಹುಟ್ಟಿರಬೇಕು ಎನ್ನುತ್ತಿದ್ದ. ಊರವರ ಕೋಳಿ ತಿಂದರೂ ತನ್ನ ಮರಿಗಳನ್ನು ಚೀಲದಲ್ಲೇ ಇಟ್ಟು ಸಾಕುತ್ತಾಳೆ. ಆಮೇಲೆ ಎರಡನೆಯದನ್ನು ತಟ್ಟಿ, ಇಲ್ಲಿ ಕಾವಿಗೆ ಕೂತಿರುವವನು ಅಪ್ಪ, ಆ ಮಹಾತಾಯಿ ಮೊಟ್ಟೆ ಇಟ್ಟು ಹಾರಿಹೋದಳು ಎನ್ನುತ್ತಿದ್ದ. ಜನ ನಗುತ್ತಿದ್ದರು. ಅವನ ಹೆಂಡತಿ ಮೂರು ವರ್ಷದ ಮಗಳನ್ನು ಬಿಟ್ಟುಹೋದದ್ದು ಅವರಿಗೇನು ಗೊತ್ತು? ಮಗಳಿಗೆ ಗೊತ್ತಿತ್ತು. ಅದೇ ಕೋಣೆಯ ಬೆಂಚಿನ ಮೇಲೆ ಹೋಂವರ್ಕ್ ಮಾಡುತ್ತಾ, ಆ ಮಾತು ಕೇಳಿಯೇ ಬೆಳೆದವಳು ಅವಳು.

ಈಗ ಅವಳಿಗೆ ಇಪ್ಪತ್ತೊಂದು. ಇವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ, ಅಮ್ಮ ಪತ್ರ ಬರೆದಿದ್ದಾಳೆ, ಹನ್ನೊಂದಕ್ಕೆ ಮ್ಯೂಸಿಯಂಗೆ ಬರುತ್ತಾಳೆ ಎಂದಳು.

"ನೀನು ಬೇಡ ಅಂದ್ರೆ ನಾನು ಅವಳ ಹತ್ರ ಮಾತಾಡಲ್ಲ, ಅಪ್ಪ."

ಬೇಡ ಎಂಬುದು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು ಕೆಲಸಕ್ಕೆ ಹೊರಟ.

ಹನ್ನೊಂದಕ್ಕೆ ಗುಂಪಿನ ಹಿಂದೆ ಹೆಂಡತಿ ನಿಂತಿದ್ದಳು. ಕೂದಲು ನರೆತಿತ್ತು. ಎರಡು ಮಾರು ಆಚೆ ಮಗಳು ಅಪ್ಪನ ಬಾಯನ್ನೇ ನೋಡುತ್ತಾ ನಿಂತಿದ್ದಳು. ಅವನು ಬೆತ್ತ ಎತ್ತಿದ. ಬಾಯಿಪಾಠವಾಗಿದ್ದ ಮಾತು ಶುರು ಮಾಡದೆ ಹಾಗೇ ಇಳಿಸಿದ. ಅದನ್ನೇ ಇವತ್ತೂ ಹೇಳಿದರೆ ಮಗಳು ಇನ್ನೆಂದೂ ತಾಯಿಯ ಕಡೆ ತಿರುಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಒಂದು ವಿಷಯ ಇಷ್ಟು ವರ್ಷ ಮುಚ್ಚಿಟ್ಟಿದ್ದೆ," ಎಂದ. "ಈ ಚೀಲದವಳು ಇಪ್ಪತ್ತು, ಕೆಲವು ಸಲ ಮೂವತ್ತು ಮರಿ ಹಾಕ್ತಾಳೆ. ಮೊಲೆ ಇರೋದು ಆರೇ. ಸಿಗದೇ ಇದ್ದವು ಸಾಯ್ತವೆ. ಈ ಮೊಟ್ಟೆಗಳ ತಾಯಿ ಬಿಟ್ಟುಹೋದಳು, ಅದು ನಿಜ. ಆದ್ರೆ ಅವಳ ಮರಿ ಬದುಕ್ತು."

ಯಾರೂ ನಗಲಿಲ್ಲ. ಅವನ ಸಿಟ್ಟೇನೂ ಇಳಿದಿರಲಿಲ್ಲ. ಹದಿನೆಂಟು ವರ್ಷದ ಸಿಟ್ಟು ಒಂದೇ ಮಾತಿಗೆ ಇಳಿದೀತೇ? ಗುಂಪು ಮುಂದಿನ ಕೋಣೆಗೆ ಹೋಗುವವರೆಗೂ ಗಾಜನ್ನು ಸುಮ್ಮನೆ ಒರೆಸುತ್ತಿದ್ದ. ತಿರುಗಿ ನೋಡಿದರೆ ಇಬ್ಬರೂ ನಿಂತಲ್ಲೇ ನಿಂತಿದ್ದರು.

"ನಿನ್ನ ಬೆಂಚಿನ ಮೇಲೆ ಅಮ್ಮನ್ನ ಕೂರಿಸು ಮಗಳೇ," ಎಂದ. "ದೂರದಿಂದ ಬಂದಿದ್ದಾಳೆ."