ಹುಳ ಹಣ್ಣಾದ ದಿನ ಬಂದ ಅಕ್ಕ

ಬೆಳಿಗ್ಗೆ ಮೊಮ್ಮಗಳಿಗೆ ಎಣ್ಣೆ ಹಚ್ಚಲು ಕೂತಿದ್ದೆ. ಕಾಲು ಚಾಚಿ, ಆ ಬೆಣ್ಣೆಮುದ್ದೆಯನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಕೈಗೆ ಹಾಕಿಕೊಂಡಿದ್ದೇ ತಡ, ಮಗಳು ಮೂಗು ಮುಚ್ಚಿಕೊಂಡಳು.

"ಅಮ್ಮಾ, ನಿನ್ನ ಕೈಯೆಲ್ಲಾ ಹುಳದ ಮನೆ ವಾಸನೆ ಕಣಮ್ಮ! ಸೋಪ್ ಹಾಕಿದ್ಯೋ ಇಲ್ವೋ?"

ಹಾಕಿದ್ದೆ. ಆದರೆ ರೇಷ್ಮೆ ಹುಳ ಸಾಕುವವರ ಕೈಗೆ ಹತ್ತಿದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಯಾವ ಸೋಪಿಗೂ ಹೋಗುವುದಿಲ್ಲ. ಸೊಪ್ಪು, ಹರಳೆಣ್ಣೆ, ಹಸುಗೂಸಿನ ನೆತ್ತಿ... ಮೂರೂ ಒಟ್ಟಿಗೆ ಮೂಗಿಗೆ ಬಡಿದಾಗ ನನಗೆ ಅಕ್ಕ ನೆನಪಾದಳು. ಎಣ್ಣೆ ಕೈ ಹಾಗೇ ನಿಂತುಬಿಟ್ಟಿತು.

ಮೊಮ್ಮಗಳು ಹುಟ್ಟಿ ಇನ್ನೂ ವಾರ ತುಂಬಿಲ್ಲ. ನನಗಂತೂ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಬಸ್ಸಿನ ಕಂಡಕ್ಟರಿಗೆ ಹೇಳಿದೆ, ರೇಷನ್ ಅಂಗಡಿಯ ಕ್ಯೂನಲ್ಲಿ ಗುರುತಿಲ್ಲದವರಿಗೂ ಹೇಳಿದೆ. ಹೆಚ್ಚು ಓದಿದವಳಲ್ಲ, ಆದರೂ ಬರೆಯಲು ಕೂತಿದ್ದೇನೆ. ಯಾಕೆಂದರೆ ಈ ಕೂಸನ್ನು ಹೆತ್ತ ನನ್ನ ಮಗಳು ಇವತ್ತು ಭೂಮಿಯ ಮೇಲೆ ಇರುವುದೇ ಅಕ್ಕನಿಂದ.

ಶಿಡ್ಲಘಟ್ಟದ ಹತ್ತಿರ ನಮ್ಮೂರು. ಅಕ್ಕ ನಮ್ಮ ಬೀದಿಯ ಕೊನೇ ಮನೆಯವಳು. ಒಡಹುಟ್ಟಿದವಳಲ್ಲ, ಕರೆಯುತ್ತಿದ್ದುದು ಹಾಗೆ. ಚಿಕ್ಕಬಳ್ಳಾಪುರದ ಕಡೆಯಿಂದ ಮದುವೆಯಾಗಿ ಬಂದವಳು; ಗಂಡ ಬೇಗ ತೀರಿಕೊಂಡ. ಊರಿಗೆಲ್ಲ ಕ್ರೈಸ್ತರದ್ದು ಅದೊಂದೇ ಮನೆ. ಭಾನುವಾರ ಬೆಳಿಗ್ಗೆ ಒಗೆದ ಸೀರೆಯುಟ್ಟು, ಬಸ್ಸು ಹತ್ತಿ ಚರ್ಚಿಗೆ ಹೋಗುವಳು. ಉಳಿದ ದಿನ ನಮ್ಮೆಲ್ಲರ ಹಾಗೇ ಸೊಪ್ಪು ಕೊಯ್ದು, ಹುಳ ಸಾಕುವಳು. ಒಂದೇ ವ್ಯತ್ಯಾಸ. ನಾವು ತಟ್ಟೆಗಳಿಗೆ ಅರಿಶಿನ ಕುಂಕುಮ ಇಟ್ಟು ಹುಳ ಬಿಡುತ್ತಿದ್ದೆವು, ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಲ್ಲೇ ನಿಂತು ಪ್ರಾರ್ಥನೆ ಮಾಡುತ್ತಿದ್ದಳು.

"ಏನಮ್ಮಾ, ನಿಮ್ಮ ಯೇಸಪ್ಪನಿಗೆ ಹುಳ ಸಾಕೋದು ಬರ್ತದಾ?" ಎಂದು ಹೆಂಗಸರು ಕೆಣಕುವರು.

"ಹುಳ ಮಾಡಿದೋನೇ ಅವನು ಕಣ್ರೇ, ಬರದೆ ಇರ್ತದಾ?" ಎಂದು ನಕ್ಕು ಸೊಪ್ಪಿನ ಹೊರೆ ಹೊತ್ತುಕೊಳ್ಳುವಳು.

ಚೊಚ್ಚಲ ಹೆರಿಗೆಗೆ ನಾನು ತವರುಮನೆ ನಗರಗೆರೆಗೆ ಹೋಗಬೇಕಿತ್ತು. ನಮ್ಮತ್ತೆ ಚಿಂತಾಮಣಿ ಕಡೆಯವರು, ಕನ್ನಡ ತೆಲುಗು ಎರಡನ್ನೂ ಕಲಸಿ ಮಾತಾಡುವವರು. "ಈ ಹುಳದ ಬೆಳೆ ಒಂದು ಮುಗೀಲಿ, ಕಳಿಸ್ತೀನಿ" ಎನ್ನುತ್ತಾ ಮುಂದಕ್ಕೆ ಹಾಕಿದರು. ಹುಳ ಇದ್ದ ಮನೆಯಿಂದ ಒಂದು ಕೈ ಕಡಿಮೆಯಾದರೂ ಕಷ್ಟವೇ. ಆದರೆ ಹೊಟ್ಟೆಯಲ್ಲಿದ್ದವಳು ಬೆಳೆ ಮುಗಿಯುವ ತನಕ ಕಾಯಲಿಲ್ಲ. ಹುಳ ಹಣ್ಣಾದ ದಿನವೇ ನೋವು ಶುರುವಾಯಿತು.

ಹುಳ ಹಣ್ಣಾಗುವುದೆಂದರೆ ಅವು ಮೇವು ಬಿಟ್ಟು, ಮೈ ಹೊಳೆದು, ಗೂಡು ಕಟ್ಟಲು ತಯಾರಾಗುವುದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಯ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಯ, ಮೇಲೆ ಬಿಡಬೇಕು. ತಡ ಮಾಡಿದರೆ ಕಸದಲ್ಲೇ ನೂಲು ಸುತ್ತಿಕೊಂಡು ಹಾಳಾಗುತ್ತವೆ. ಒಬ್ಬರಿಂದ ಆಗದ ಕೆಲಸ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು ಎಂದು ಮುಯ್ಯಾಳಿನ ಮೇಲೆ ನಡೆಯುವಂಥದ್ದು. ಇನ್ನೊಂದು ಕಟ್ಟಳೆಯೂ ಇತ್ತು. ಹೆರಿಗೆಯ ಮೈಲಿಗೆ, ಅಂದರೆ ಪುರುಡು, ಹುಳಕ್ಕೆ ಆಗದು. ಹೆರುವವಳನ್ನು ಮುಟ್ಟಿದವರು ಹುಳದ ಮನೆಗೆ ಕಾಲಿಡುವಂತಿಲ್ಲ.

ಆ ದಿನ ಬೀದಿಯ ಎಲ್ಲ ಮನೆಗಳಲ್ಲೂ ಹುಳ ಹಣ್ಣಾಗಿತ್ತು.

ಗಂಡ ಗೌರಿಬಿದನೂರಿಗೆ ಹೋಗಿದ್ದರು. ಅತ್ತೆ ನನಗೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಲು ಹೇಳಿ, ಹೊಸಿಲಿನ ಆಚೆಯೇ ನಿಂತು, "ಸ್ವಲ್ಪ ತಡ್ಕೊಳೇ ತಾಯಿ, ಹುಳ ಚಂದ್ರಿಕೆಗೆ ಹತ್ತಿಸಿಬಿಡ್ತೀನಿ... ಅಯ್ಯೋ ದೇವುಡಾ!" ಎಂದು ಅಳುತ್ತಲೇ ಹುಳದ ಮನೆಗೆ ಓಡಿದರು. ಕೆಟ್ಟವರಲ್ಲ, ಪಾಪ. ಮನೆಯ ಅನ್ನವೆಲ್ಲ ಆ ತಟ್ಟೆಗಳಲ್ಲಿತ್ತು. ನೀರು ಒಡೆದು ಬಹಳ ಹೊತ್ತಾಗಿತ್ತು. ನೋವು ಬರುತ್ತಿತ್ತು, ಮಗು ಬರುತ್ತಿರಲಿಲ್ಲ. ನಾನು ಯಾರ್‍ಯಾರ ಹೆಸರು ಹಿಡಿದು ಕೂಗಿದೆನೋ...

ಬಂದವಳು ಅಕ್ಕ. ಹೊರಗೆ ಹೆಂಗಸರು ಅವಳನ್ನು ತಡೆಯುತ್ತಿದ್ದುದು ನನಗೆ ಕೇಳಿಸುತ್ತಿತ್ತು.

"ನಿನ್ನ ಹುಳಾನೂ ಹಣ್ಣಾಗವೆ ಕಣೇ. ಅವಳ್ನ ಮುಟ್ಟಿ ಬಂದ್ರೆ ನಿನ್ನ ಮನೆಗೆ ನಾವ್ಯಾರೂ ಮುಯ್ಯಿಗೆ ಬರಲ್ಲ. ಇವತ್ತೂ ಇಲ್ಲ, ಇನ್ಯಾವತ್ತೂ ಇಲ್ಲ."

ಮುಯ್ಯಿ ತಪ್ಪಿದರೆ ಒಂಟಿ ಹೆಂಗಸು ಆ ಊರಿನಲ್ಲಿ ಹುಳ ಸಾಕುವುದು ಸಾಧ್ಯವಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಬರಬೇಡ್ರಮ್ಮ. ಹುಳ ಹೋದ್ರೆ ಇನ್ನೊಂದು ಬೆಳೆ ಇಡ್ತೀನಿ. ಇವಳು ಹೋದ್ರೆ ಎಲ್ಲಿಂದ ತರಣ?"

ಒಳಗೆ ಬಂದವಳೇ ನನ್ನ ಹಣೆ ಒರೆಸಿ, ಹೊಟ್ಟೆ ಮುಟ್ಟಿ ನೋಡಿ, "ಇದು ನನ್ನ ಕೈಲಾಗೋ ಕೆಲಸ ಅಲ್ಲ. ಆಸ್ಪತ್ರೆಗೆ ಹೋಗಣ, ಏಳು" ಎಂದಳು. ರಸ್ತೆಯಲ್ಲಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಒಯ್ಯುತ್ತಿದ್ದ ಸಾಬರ ಟೆಂಪೋಗೆ ಅಡ್ಡ ನಿಂತಳು. ಸಾಬರು ಒಂದು ಮಾತೂ ಕೇಳದೆ ಮೂಟೆಗಳನ್ನು ಸರಿಸಿ ಜಾಗ ಮಾಡಿದರು. ದಾರಿಯುದ್ದಕ್ಕೂ ಅವಳ ತೊಡೆಯ ಮೇಲೆ ನನ್ನ ತಲೆ. ಅವಳ ಪ್ರಾರ್ಥನೆ ದೊಡ್ಡದೇನಲ್ಲ. "ಯೇಸಪ್ಪಾ, ಇವಳು ನನ್ನ ಬೀದಿಯವಳು. ನೋಡ್ಕೊಳಪ್ಪಾ" ಎಂದು ಅದನ್ನೇ ಹೇಳುತ್ತಿದ್ದಳು, ಮನೆಯ ಹಿರಿಯರಿಗೆ ಹೇಳುವ ಹಾಗೆ.

ಮಗುವಿನ ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿಕೊಂಡಿತ್ತು. ಇನ್ನೂ ತಡವಾಗಿದ್ದರೆ... ಎಂದು ಡಾಕ್ಟರಮ್ಮ ಮಾತು ನಿಲ್ಲಿಸಿದರು. ಮಗಳು ಅತ್ತಳು. ನಾನೂ ಅತ್ತುಬಿಟ್ಟೆ. ಸುದ್ದಿ ತಿಳಿದು ನನ್ನ ಗಂಡ ಬಂದು ಸೇರಿದ ಮೇಲೆ, ಮಧ್ಯಾಹ್ನದ ಬಸ್ಸಿಗೆ ಅಕ್ಕ ಊರಿಗೆ ಹೊರಟಳು.

ಮುಂದಿನದು ನಮ್ಮತ್ತೆಯೇ ನನಗೆ ಎಷ್ಟೋ ಸಲ ಹೇಳಿದ್ದು. ಅಕ್ಕ ಹೋಗಿ ನೋಡಿದರೆ ಹುಳಗಳು ತಟ್ಟೆಯಿಂದ ಗೋಡೆಗೆ ಹತ್ತಿವೆ, ಕಸದಲ್ಲಿ ನೂಲು ಬಿಡುತ್ತಿವೆ. ಒಬ್ಬಳೇ ಕೂತು ಆರಿಸುತ್ತಿದ್ದಾಳೆ. ಹೆಂಗಸರು ಬೀದಿಯಲ್ಲಿ ನಿಂತು ನೋಡುತ್ತಿದ್ದಾರೆ, ಒಳಗೆ ಯಾರೂ ಇಲ್ಲ. ಆಗ ಅತ್ತೆ ಅಲ್ಲಿಗೆ ಬಂದರು. ಅವರ ಹುಳ ಅಷ್ಟರಲ್ಲಿ ಚಂದ್ರಿಕೆ ಹತ್ತಿಯಾಗಿತ್ತು. ಮೊಮ್ಮಗಳು ಹುಟ್ಟಿದ್ದರಿಂದ ಮನೆಗೆ ಪುರುಡು ಬಂದು, ಅವರದೇ ಕಟ್ಟಳೆಯ ಪ್ರಕಾರ ಅವರ ಹುಳದ ಮನೆಗೆ ಅವರೇ ಹೋಗುವಂತಿರಲಿಲ್ಲ.

"ಏಮ್ಮಾ, ನಿನ್ನ ಮನೇಲಿ ಪುರುಡು ಗಿರುಡು ನೋಡ್ತೀಯಾ?" ಎಂದು ಬಾಗಿಲಲ್ಲಿ ನಿಂತು ಕೇಳಿದರು.

"ಇಲ್ಲಮ್ಮ."

"ಹಂಗಾದ್ರೆ ಸರ್ಕೋ ಅತ್ಲಾಗೆ. ನನ್ನ ಮನೇಲಿ ನಂಗೇ ಜಾಗ ಇಲ್ಲ!"

ಸೀರೆ ಎತ್ತಿ ಸಿಕ್ಕಿಸಿಕೊಂಡು ಕೂತೇಬಿಟ್ಟರು. ಬೀದಿಯಿಂದ ಒಬ್ಬಳು, "ಏನತ್ತೇ, ನೀವೂ ಚರ್ಚಿಗೆ ಸೇರಿಬಿಟ್ರಾ?" ಎಂದು ಕೂಗಿದಳು.

"ಮೊಮ್ಮಗಳು ಹುಟ್ಟವಳೆ ಕಣೇ ನಂಗೆ! ನಿನ್ನ ಹುಳ ಹತ್ತಿಸಿ ಆಗಿದ್ರೆ ಬಾಯಿ ಮುಚ್ಕೊಂಡು ಬಂದು ಆರ್ಸು."

ಅವಳು ಬಂದಳು. ಅವಳ ಹಿಂದೆ ಇನ್ನೊಬ್ಬಳು. ಎಲ್ಲರೂ ಬರಲಿಲ್ಲ. ಬೆಳೆಯಲ್ಲಿ ಒಂದಷ್ಟು ಹಾಳಾಯಿತು, ಉಳಿದದ್ದು ಉಳಿಯಿತು. ಆದರೆ ಅಕ್ಕನ ಮನೆಗೆ ಮುಯ್ಯಿ ತಪ್ಪಲಿಲ್ಲ, ಆ ಬೆಳೆಗೂ ಇಲ್ಲ, ಆಮೇಲೂ ಇಲ್ಲ. ನಮ್ಮತ್ತೆ ತಮ್ಮ ಮನೆಯ ಕಟ್ಟಳೆಯನ್ನೇನೂ ಬಿಡಲಿಲ್ಲ. ಯಾರಾದರೂ ಕೇಳಿದರೆ, "ಆ ಮನೆ ಮಾತೇ ಬೇರೆ" ಎನ್ನುವರು.

ನಾನೊಮ್ಮೆ, "ಅಷ್ಟು ಧೈರ್ಯ ಎಲ್ಲಿಂದ ಬಂತಕ್ಕ?" ಎಂದು ಕೇಳಿದ್ದೆ.

"ಧೈರ್ಯ ಎಲ್ಲಿತ್ತೇ? ಭಾನುವಾರ ಅಷ್ಟು ದೂರ ಹೋಗಿ ಪಕ್ಕದ ಮನೆಯೋರನ್ನ ನೋಡ್ಕೋಬೇಕು ಅಂತ ಕೇಳಿಸ್ಕೊಂಡು ಬರ್ತೀನಿ. ಸೋಮವಾರ ನೀನು ಕೂಗಿದ್ರೆ ಕಿವುಡಿ ಆಗಕ್ಕಾಗ್ತದಾ?"

ಅಕ್ಕ ಹೋಗಿ ಕೆಲವು ವರ್ಷಗಳಾದವು. ಶಿಲುಬೆಯ ಕೆಳಗೆ ಮಣ್ಣು ಹಾಕಿದವರಲ್ಲಿ ನಾನೂ ಒಬ್ಬಳು, ನನ್ನ ಮಗಳೂ ಒಬ್ಬಳು. ಆ ದಿನ ನಮ್ಮ ಮನೆಯಲ್ಲಿ ಹುಳ ಹಣ್ಣಾಗಿತ್ತು. ಸಾವಿನ ಮನೆಯ ಮೈಲಿಗೆ ಅನ್ನಲಿಲ್ಲ. ಬಂದು ಕೈ ತೊಳೆದು, ಅಳುತ್ತಲೇ ಕೂತು ಆರಿಸಿದೆ.

ಅಕ್ಕನ ಆ ಕೊನೇ ಮನೆಯನ್ನು ಈಗ ಬೇರೆಯವರು ಕೊಂಡಿದ್ದಾರೆ. ಮೊಮ್ಮಗಳನ್ನು ಎತ್ತಿಕೊಂಡು ಅಲ್ಲಿಗೆ ಹೋಗಿಬರಬೇಕು ಎನ್ನಿಸಿ ಎದ್ದೆ. "ಅವರೂ ಹುಳ ಸಾಕ್ತಾರಮ್ಮ. ಪುರುಡಿನ ಕೂಸು ಅಂತ ಒಳಗೆ ಬಿಡ್ತಾರೋ ಇಲ್ವೋ" ಎಂದಳು ಮಗಳು. ನಿಜವೇ. "ತೋರ್ಸೇ ನಿನ್ನ ಮೊಮ್ಮಗಳ್ನ" ಎಂದು ಕೈ ಚಾಚುವವಳು ಅಲ್ಲಿಲ್ಲ... ಇನ್ನು ಎಲ್ಲೂ ಇಲ್ಲ. ಆದರೂ ಹೋಗುತ್ತೇನೆ. ಬಿಟ್ಟರೆ ಸಂತೋಷ. ಬಿಡದಿದ್ದರೆ ಬಾಗಿಲಲ್ಲೇ ಕೂತು, ಈ ಮನೆಯಲ್ಲಿ ಮುಂಚೆ ಯಾರಿದ್ದರು ಎಂದು ಹೇಳಲು ಶುರು ಮಾಡುತ್ತೇನೆ.