ಮುಂದೆ ಕರೆಯುವ ಮುದುಕ
ಚಳಿಗಾಲ ಬಂತೆಂದರೆ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ದಕ್ಷಿಣದಂಚಿನಲ್ಲಿ ಅಲ್ಲಾಡದೆ ನಿಲ್ಲುವುದು ಎರಡೇ: ಒಂದು ಕಬ್ಬಿಣದ ತಡೆಬೇಲಿ, ಇನ್ನೊಂದು ಮುದುಕ ಒರ್ವಿಲ್. ಬೆಳಕು ಹರಿಯುವ ಮುಂಚೆಯೇ ಹಿಮದಲ್ಲಿ ಜಾರದಂತೆ ಬೂಟಿನಡಿಗೆ ಮುಳ್ಳಿನ ಪಟ್ಟಿ ಬಿಗಿದು, ಕ್ಯಾಮೆರಾದ ಬ್ಯಾಟರಿಗಳಿಗೆ ಕೋಳಿ ಮೊಟ್ಟೆಗೆ ಕೊಟ್ಟಂತೆ ಕಂಕುಳಲ್ಲಿ ಕಾವು ಕೊಡುತ್ತಾ ಬರುತ್ತಾನೆ. ಲೆನ್ಸಿನ ಮೇಲೆ ಹಬೆ ಕೂರಬಾರದೆಂದು ಉಸಿರನ್ನೂ ಪಕ್ಕಕ್ಕೆ ತಿರುಗಿಯೇ ಬಿಡುತ್ತಾನೆ. ಮೂಗಿನ ತುದಿಯ ಹನಿ ಹೆಪ್ಪುಗಟ್ಟಿದರೂ ಒರೆಸಿಕೊಳ್ಳುವವನಲ್ಲ. ಬಂದವರು ಫೋನ್ ಚಾಚಿ "ನಮ್ದೊಂದು ಫೋಟೋ ತೆಗೀತೀರಾ ತಾತಾ?" ಎಂದರೆ ಒಲ್ಲೆ ಅನ್ನುವುದಿಲ್ಲ. ಆದರೆ "ಮುಂದೆ ಬನ್ನಿ, ಇನ್ನೂ ಮುಂದೆ ಬನ್ನಿ" ಎಂದು ಕರೆಕರೆದು ಕೊನೆಗೆ ಕಾರುಗಳ ಪಕ್ಕಕ್ಕೇ ತಂದು ನಿಲ್ಲಿಸುತ್ತಾನೆ. "ಅಲ್ರೀ, ಕಣಿವೇನೇ ಕಾಣಲ್ವಲ್ಲ! ಇದನ್ನ ನಮ್ಮ ಹಿತ್ತಲಲ್ಲೇ ತೆಗೀಬಹುದಿತ್ತು!" ಎಂದು ಬೈಸಿಕೊಳ್ಳದ ದಿನವಿಲ್ಲ. "ಕಣಿವೆ ಎಲ್ಲೂ ಹೋಗಲ್ಲ, ನೀವು ಈ ಕಡೆ ಬನ್ನಿ" ಎನ್ನುವುದು ಅವನ ಖಾಯಂ ಉತ್ತರ. "ನಿನ್ನಂಥ ದಂಡಪಿಂಡ ಫೋಟೋಗ್ರಾಫರ್‌ನ ನಾನು ಕಂಡೇ ಇಲ್ಲ" ಎಂದು ಅವನ ಓರಗೆಯವಳಾದ ಕಾಫಿ ಅಂಗಡಿಯ ನೆಡ್ರಾ ದಿನಾ ಕಿಚಾಯಿಸುತ್ತಾಳೆ. ಮೊನ್ನೆ ಅವನು ಒದ್ದೆ ಕೋಟು ಒಣಗಿಸಲೆಂದು ಅವಳ ಅಂಗಡಿಯಲ್ಲಿ ಜೇಬು ಬರಿದು ಮಾಡುವಾಗ ಒಂದು ಹಳೆಯ ಫೋಟೋ ಬಿತ್ತು: ಮಂಜುಗಟ್ಟಿದ ಬಂಡೆಯ ಮೇಲೆ ನಗುತ್ತಾ ನಿಂತ ತರುಣ, ಅವನ ಹಿಂದೆ ಬಾನಂಚಿನವರೆಗೂ ಕೆಂಪು ಕಣಿವೆ. "ಅಬ್ಬಾ, ಇದ್ರಲ್ಲಿ ಕಣಿವೆ ಎಷ್ಟು ಚೆನ್ನಾಗಿ ಬಂದಿದೆ! ಯಾರಿವನು?" ಎಂದಳು ನೆಡ್ರಾ. "ನನ್ನ ತಮ್ಮ, ಲೈಲ್" ಎಂದ ಒರ್ವಿಲ್, ಉಸಿರನ್ನು ಪಕ್ಕಕ್ಕೆ ಬಿಟ್ಟು. "ಚೆನ್ನಾಗೇ ಬಂದಿತ್ತು. ನಾನು ಸುಮ್ಮನಿರದೆ, ಇನ್ನೊಂದು ಹೆಜ್ಜೆ ಹಿಂದೆ ಹೋಗೋ ಅಂದೆ."